ಕನ್ನಡ ತರಗತಿ: ನಿಯಮಗಳು ಮತ್ತು ಸಂಪರ್ಕದ ದಾರಿ

ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಸಂಘಗಳು ಸ್ಥಳ, ಪುಸ್ತಕ, ಶಿಕ್ಷಕರು ಈ ಮೂರನ್ನು ಹೊಂದಿಸಿಕೊಳ್ಳುವುದರಲ್ಲೇ ದಣಿಯುತ್ತವೆ. ತರಗತಿಯ ನಿಯಮಗಳು ಮತ್ತು ಪೋಷಕರ ಸಂಪರ್ಕವ್ಯವಸ್ಥೆ ಹಿಂದೆ ಬೀಳುತ್ತವೆ. ಇವೆರಡನ್ನೂ ಒಂದೇ ಹಾಳೆಯಲ್ಲಿ ಬರೆದು ಮೊದಲ ದಿನವೇ ಹಂಚಬೇಕೆಂಬುದು ನಮ್ಮ ಅಭಿಪ್ರಾಯ. ಬ್ಯಾಂಕಿನ ಶಾಖೆಯಲ್ಲಿ ದೂರು ಕೇಳುವ ಅಧಿಕಾರಿಯ ಹೆಸರನ್ನು ಗೋಡೆಯ ಮೇಲೆ ಬರೆದಿರುತ್ತಾರೆ. ಮಕ್ಕಳ ತರಗತಿಗೂ ಅಂತಹ ಫಲಕ ಬೇಡವೇ?

ಶಾಲೆಗಳಿಗೆ ಕಾನೂನೇ ದಾರಿ ತೋರಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ (2009) 17ನೆಯ ಕಲಂ ದೈಹಿಕ ಶಿಕ್ಷೆ ಹಾಗೂ ಮಾನಸಿಕ ಕಿರುಕುಳವನ್ನು ನಿಷೇಧಿಸುತ್ತದೆ. 24ನೆಯ ಕಲಂ ಪ್ರಕಾರ ಪೋಷಕರ ಸಭೆಯನ್ನು ನಿಯತವಾಗಿ ನಡೆಸಿ ಹಾಜರಾತಿ ಮತ್ತು ಪ್ರಗತಿಯನ್ನು ತಿಳಿಸುವುದು ಶಿಕ್ಷಕರ ಕರ್ತವ್ಯ. ಸಂಘದ ವಾರಾಂತ್ಯದ ತರಗತಿ ಶಾಲೆಯಲ್ಲದಿದ್ದರೂ ಈ ಮಾದರಿ ಅನುಸರಣೀಯ.

ನಿಯಮಗಳು ಐದಾರನ್ನು ಮೀರದಿರಲಿ. ಅವನ್ನು ಮಕ್ಕಳೊಡನೆ ಚರ್ಚಿಸಿಯೇ ರೂಪಿಸಬೇಕು. ‘ಗಲಾಟೆ ಮಾಡಬಾರದು’ ಎನ್ನುವುದಕ್ಕಿಂತ ‘ಒಬ್ಬರು ಮಾತಾಡುವಾಗ ಉಳಿದವರು ಕೇಳಬೇಕು’ ಎಂಬುದು ಮಗುವಿಗೆ ಸುಲಭವಾಗಿ ತಿಳಿಯುತ್ತದೆ. ತಪ್ಪು ಉಚ್ಚಾರಣೆಗೆ ಯಾರೂ ನಗಬಾರದೆಂಬ ನಿಯಮವಂತೂ ಅವಶ್ಯ. ಮನೆಯಲ್ಲೊಂದು, ಬೀದಿಯಲ್ಲೊಂದು ಭಾಷೆಯಾಡುವ ಮಗು ಒಮ್ಮೆ ನಾಚಿ ಮೌನವಾದರೆ ಮತ್ತೆ ಬಾಯಿ ತೆರೆಯುವುದು ಕಷ್ಟ.

ಸಂಪರ್ಕದ ವಿಷಯದಲ್ಲಿ ನಾವು ಸೂಚಿಸುವ ಕ್ರಮ ಹೀಗಿದೆ:

1. ಪ್ರತಿ ಮಗುವಿಗೆ ಇಬ್ಬರು ಹಿರಿಯರ ದೂರವಾಣಿ ಸಂಖ್ಯೆ ದಾಖಲಾಗಿರಲಿ.
2. ಶಿಕ್ಷಕರು ಕರೆ ಸ್ವೀಕರಿಸುವ ವೇಳೆ ನಿಗದಿಯಾಗಿರಲಿ.
3. ಸಂದೇಶಗಳು ಪೋಷಕರಿಗೇ ಹೋಗಲಿ; ಮಗುವಿಗೆ ಪ್ರತ್ಯೇಕವಾಗಿ ಬೇಡ.
4. ಭಾವಚಿತ್ರ ಪ್ರಕಟಿಸುವ ಮುನ್ನ ಪೋಷಕರ ಲಿಖಿತ ಒಪ್ಪಿಗೆ ಪಡೆಯಬೇಕು.
5. ದೂರು ಕೇಳಲು ತರಗತಿ ನಡೆಸದ ಒಬ್ಬ ಪದಾಧಿಕಾರಿ ಇರಬೇಕು. ಶಿಕ್ಷಕರ ಮೇಲಿನ ದೂರನ್ನು ಅವರಿಗೇ ಕೊಡಬೇಕಾದರೆ ಯಾರೂ ಕೊಡಲಾರರು.

ಹಾಳೆಯ ಕೊನೆಯಲ್ಲಿ 1098 ಎಂಬ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಮುದ್ರಿಸಬೇಕು. 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ ಈ ಉಚಿತ ಮಕ್ಕಳ ಸಹಾಯವಾಣಿ ಇಂದು ದೇಶವ್ಯಾಪಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ವಿಧಿಸುತ್ತದೆ. ಸಂಘದ ಮರ್ಯಾದೆಯ ಹೆಸರಿನಲ್ಲಿ ಅಂತಹುದನ್ನು ಒಳಗೊಳಗೇ ಮುಗಿಸುವ ಅಧಿಕಾರ ಯಾವ ಕಾರ್ಯಕಾರಿ ಸಮಿತಿಗೂ ಇಲ್ಲ.

ಮುಂದಿನ ತರಗತಿ ಆರಂಭವಾಗುವ ಮೊದಲು ಪ್ರತಿ ಸಂಘವೂ ಇಂತಹದೊಂದು ಹಾಳೆಯನ್ನು ಸಿದ್ಧಪಡಿಸಲೆಂದು ಕೋರುತ್ತೇವೆ.