ವಿಮಾನಯಾನದ ದೂರ ಮತ್ತು ಅವಧಿಯ ಲೆಕ್ಕ

ಬೀದರ್‌ನಿಂದ ಬೆಂಗಳೂರಿಗೆ ವಿಮಾನದ ದಾರಿ ಎಷ್ಟು ದೂರ ಎಂದು ತಿಳಿಯಲು ಶಾಲೆಯ ಅಟ್ಲಾಸ್ ಸಾಕು. ಬೀದರ್ ನಿಲ್ದಾಣ 17.91 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ 13.20ರಲ್ಲಿ. ರೇಖಾಂಶದಲ್ಲಿ ಇವೆರಡರ ಅಂತರ ಕಾಲು ಡಿಗ್ರಿಗಿಂತ ಕಡಿಮೆ. ಅಂದರೆ ದಾರಿ ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ. ಒಂದು ಡಿಗ್ರಿ ಅಕ್ಷಾಂಶಕ್ಕೆ 111 ಕಿ.ಮೀ. ಹಿಡಿದರೆ 4.71 ಡಿಗ್ರಿಗೆ ಸುಮಾರು 523 ಕಿ.ಮೀ. ರಸ್ತೆಯಲ್ಲಿ ಅದೇ ಪ್ರಯಾಣ 700 ಕಿ.ಮೀ. ಸಮೀಪಕ್ಕೆ ಹೋಗುತ್ತದೆ.

ಊರುಗಳು ಪೂರ್ವ–ಪಶ್ಚಿಮವಾಗಿ ಹರಡಿದ್ದರೆ ಈ ಸುಲಭ ಗುಣಾಕಾರ ನಡೆಯದು. ಗೋಲದ ಮೇಲೆ ಎರಡು ಬಿಂದುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದಾಗ ಅದು ಹಿಡಿಯುವ ಹಾದಿಯೇ ಮಹಾವೃತ್ತ. ಅತಿ ಹತ್ತಿರದ ದಾರಿ ಅದೇ. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಎಂದಿಟ್ಟುಕೊಂಡು ಹ್ಯಾವರ್ಸೈನ್ ಸೂತ್ರದಿಂದ ಇದನ್ನು ಲೆಕ್ಕ ಹಾಕುತ್ತಾರೆ. ಪೈಲಟ್‌ಗಳ ಅಳತೆ ನಾಟಿಕಲ್ ಮೈಲು, ಒಂದಕ್ಕೆ 1.852 ಕಿ.ಮೀ.

ಈ ನೇರ ದೂರ ಬೀದರ್‌ನ ಮಟ್ಟಿಗೆ ಬರೀ ಗಣಿತವಾಗಿರಲಿಲ್ಲ. ಹೈದರಾಬಾದಿನ ಶಂಷಾಬಾದ್ ನಿಲ್ದಾಣದಿಂದ 150 ಕಿ.ಮೀ. ಒಳಗೆ ಹೊಸ ನಾಗರಿಕ ನಿಲ್ದಾಣ ಬರಬಾರದು ಎಂಬ ಷರತ್ತು ಅಲ್ಲಿನ ಒಪ್ಪಂದದಲ್ಲಿತ್ತು. ಬೀದರ್ ಇರುವುದು ಸುಮಾರು 124 ಕಿ.ಮೀ. ದೂರದಲ್ಲಿ. ವಾಯುಪಡೆಯ ರನ್‌ವೇ ಊರಿನಲ್ಲೇ ಇದ್ದರೂ ಜನ ವರ್ಷಗಟ್ಟಲೆ ಕಾದರು. ಕೊನೆಗೆ 2020ರ ಫೆಬ್ರುವರಿ 7ರಂದು ಉಡಾನ್ ಯೋಜನೆಯಡಿ ಟ್ರೂಜೆಟ್‌ನ ಎಟಿಆರ್ ವಿಮಾನ ಬೆಂಗಳೂರಿನಿಂದ ಬಂದಿಳಿಯಿತು.

ಎಟಿಆರ್‌ನ ವೇಗ ಗಂಟೆಗೆ ಸುಮಾರು 500 ಕಿ.ಮೀ. ಭಾಗಾಕಾರದಲ್ಲಿ ಒಂದು ಗಂಟೆ ಚಿಲ್ಲರೆ ಬಂದರೂ ವೇಳಾಪಟ್ಟಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಇರುತ್ತಿತ್ತು. ರನ್‌ವೇವರೆಗಿನ ಓಟ, ಮೇಲೇರುವುದು, ಇಳಿಯಲು ಸರದಿ ಕಾಯುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ದಾರಿ ಗಿಡ್ಡವಾದಷ್ಟೂ ಈ ಮೇಲುಖರ್ಚಿನ ಪಾಲು ದೊಡ್ಡದು.

ದೂರದ ಹಾರಾಟಗಳಲ್ಲಿ ಗಾಳಿಯ ಪಾತ್ರ ಹೆಚ್ಚು. ಹೈದರಾಬಾದಿನಿಂದ ದುಬೈ ಸುಮಾರು 2,550 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಚಳಿಗಾಲದಲ್ಲಿ ಜೋರಾಗಿರುತ್ತದೆ. ಹಾಗಾಗಿ ಹೋಗುವಾಗ ಹಿಡಿಯುವಷ್ಟು ಹೊತ್ತು ಬರುವಾಗ ಹಿಡಿಯುವುದಿಲ್ಲ. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ ಇರುವುದರಿಂದ, ಟಿಕೆಟ್ ಮೇಲಿನ ಎರಡು ವೇಳೆಗಳನ್ನು ಹಾಗೇ ಕಳೆದರೆ ಉತ್ತರ ತಪ್ಪುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ 2021ರ ಜನವರಿಯದು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಾಗಿ ಬೆಂಗಳೂರಿಗೆ ಬಂತು. ನೇರ ದೂರ 13,993 ಕಿ.ಮೀ. ವೇಳಾಪಟ್ಟಿಯಂತೆ ಹೊರಡುವುದು 9ರ ರಾತ್ರಿ 8.30, ತಲುಪುವುದು 11ರ ನಸುಕಿನ 3.45. ಗಡಿಯಾರದ ಅಂತರ 31 ಗಂಟೆ 15 ನಿಮಿಷ. ಅದರಲ್ಲಿ ಎರಡು ಊರುಗಳ ಕಾಲವ್ಯತ್ಯಾಸ ಹದಿಮೂರೂವರೆ ಗಂಟೆ ಕಳೆದರೆ ಪ್ರಯಾಣ 17 ಗಂಟೆ 45 ನಿಮಿಷ. ಚಪ್ಪಟೆ ನಕಾಶೆಯಲ್ಲಿ ಧ್ರುವದ ದಾರಿ ದೊಡ್ಡ ಸುತ್ತಿನಂತೆ ಕಂಡರೂ ಗೋಲದ ಮೇಲೆ ಅದೇ ಹತ್ತಿರ.

ಭಾಲ್ಕಿ, ಔರಾದ್‌ನವರ ಲೆಕ್ಕ ನಿಲ್ದಾಣಕ್ಕಿಂತ ಮೊದಲೇ ಶುರು. ಭಾಲ್ಕಿಯಿಂದ ಬೀದರ್ ನಿಲ್ದಾಣ ನೇರವಾಗಿ ಸುಮಾರು 33 ಕಿ.ಮೀ., ಔರಾದ್‌ನಿಂದ 38. ರಸ್ತೆಯಲ್ಲಿ ಎರಡೂ ಇನ್ನಷ್ಟು ಹೆಚ್ಚು. ಬಸ್ಸಿನ ಹೊತ್ತು, ಚೆಕ್-ಇನ್‌ಗೆ ಮುಂಚಿತವಾಗಿ ಸೇರುವುದು, ದೇವನಹಳ್ಳಿಯಿಂದ ಬೆಂಗಳೂರು ನಗರದೊಳಗೆ ಹೋಗುವುದು ಕೂಡಿದರೆ ಆಕಾಶದಲ್ಲಿ ಕಳೆಯುವ ಸಮಯಕ್ಕಿಂತ ನೆಲದ ಮೇಲಿನದೇ ಹೆಚ್ಚು.