ಹೊಗೆಗೂಡಿನೊಳಗಿನ ಇಂಧನ

ಸೌದೆಯೊಲೆಯ ಮೇಲಣ ಜಂತೆಗಳಿಂದ ಜೋಲುವ ಇಲ್ಲಣವನ್ನು ಕಂಡುಬಲ್ಲವರಿಗೆ, ಶೀತಪ್ರದೇಶದ ಮನೆಗಳಲ್ಲಿ ಅಗ್ಗಿಷ್ಟಿಕೆಯ ಹೊಗೆಗೂಡೇ ಒಳಗಿನಿಂದ ಹೊತ್ತಿಕೊಂಡು ಉರಿಯುವ ಅನಾಹುತದ ಮೂಲವನ್ನು ಊಹಿಸುವುದು ಕಷ್ಟವಲ್ಲ. ಪೂರ್ತಿ ಉರಿಯದೆ ಮೇಲೇರಿದ ಸೌದೆಯ ಸಾರವೇ ಹೊಗೆ. ಅದು ಗೂಡಿನ ಗೋಡೆಗೆ ಅಂಟಿ ಕುಳಿತು, ಮುಂದೊಂದು ದಿನ ತಾನೇ ಇಂಧನವಾಗುತ್ತದೆ. ಈ ಸತ್ಯಕ್ಕೆ ತಕ್ಕ ನಿವಾರಣೋಪಾಯಗಳನ್ನು ರೂಪಿಸಿಕೊಳ್ಳಲು ಪಾಶ್ಚಾತ್ಯ ದೇಶಗಳಿಗೆ ಶತಮಾನಗಳೇ ಬೇಕಾದುವು.

ಆರಂಭದಲ್ಲಿ ಶಾಸನಗಳ ದೃಷ್ಟಿ ನೆಟ್ಟಿದ್ದುದು ಕಟ್ಟಡದ ಮೈಮೇಲೆ. 1666ರಲ್ಲಿ ಪುಡಿಂಗ್ ಲೇನಿನ ರೊಟ್ಟಿಯಂಗಡಿಯೊಂದರಲ್ಲಿ ಹುಟ್ಟಿದ ಬೆಂಕಿಯು ಲಂಡನ್ನಿನ ಬಹುಭಾಗವನ್ನು ಭಸ್ಮಮಾಡಿದ ಮರುವರ್ಷವೇ ಹೊರಟ ಶಾಸನವು, ಮರಕ್ಕೆ ಬದಲಾಗಿ ಇಟ್ಟಿಗೆ ಕಲ್ಲುಗಳಿಂದಲೇ ಮನೆ ಕಟ್ಟಬೇಕೆಂದು ವಿಧಿಸಿತು. ಆದರೆ ಅದೇ ಕಾಲದಲ್ಲಿ ಪ್ರತಿಯೊಂದು ಒಲೆಗೂ ವರ್ಷಕ್ಕೆ 2 ಷಿಲಿಂಗಿನ ತೆರಿಗೆಯಿದ್ದಿತು. ಅದನ್ನು ತಪ್ಪಿಸಿಕೊಳ್ಳಲೆಂದು ಆಕ್ಸ್‌ಫರ್ಡ್‌ಷೈರಿನ ಚರ್ಚಿಲ್ ಗ್ರಾಮದಲ್ಲಿ ರೊಟ್ಟಿ ಸುಡುವವರೊಬ್ಬರು ಗೋಡೆ ಕೊರೆದು ನೆರೆಮನೆಯ ಹೊಗೆಗೂಡಿಗೆ ತಮ್ಮ ಒಲೆಯ ಹೊಗೆಯನ್ನು ಹಾಯಿಸಿದರೆಂದೂ, 1684ರಲ್ಲಿ ಅದರಿಂದ ಹೊತ್ತಿದ ಬೆಂಕಿಗೆ 20 ಮನೆಗಳೂ 4 ಜೀವಗಳೂ ಆಹುತಿಯಾದುವೆಂದೂ ಹೇಳುತ್ತಾರೆ.

ಗೂಡನ್ನು ಗುಡಿಸುವವರಿಗೆ ಪರವಾನಗಿಯೂ ಹೊಣೆಯೂ ಇರಬೇಕೆಂದು ಬೆಂಜಮಿನ್ ಫ್ರಾಂಕ್ಲಿನ್ ಫಿಲಡೆಲ್ಫಿಯದ ತನ್ನ ಪತ್ರಿಕೆಯಲ್ಲಿ 1735ರಷ್ಟು ಹಿಂದೆಯೇ ವಾದಿಸಿದನು. ಇಂಗ್ಲೆಂಡಿನಲ್ಲಾದರೋ ಗುಡಿಸುವುದೆಂದರೆ ಎಳೆಯ ಮಕ್ಕಳನ್ನು ಒಳಗೆ ಹತ್ತಿಸುವುದೆಂದೇ ಅರ್ಥವಾಗಿದ್ದಿತು. ಮೊಣಕಾಲು ಮೊಣಕೈಗಳ ಚರ್ಮ ಸುಲಿಯುತ್ತ, ಕಣ್ಣು ಬಿಡಲಾರದ ಕತ್ತಲೆಯಲ್ಲಿ, 9 ಅಂಗುಲ ಅಗಲ 14 ಅಂಗುಲ ಉದ್ದದ ಕಿಂಡಿಯೊಳಗೆ ತೆವಳಿದ ಆ ಬಾಲಕರು ದೊಡ್ಡವರಾದ ಮೇಲೆ ಮಸಿಯಿಂದಲೇ ಅರ್ಬುದರೋಗಕ್ಕೆ ತುತ್ತಾಗುತ್ತಿದ್ದರೆಂಬುದನ್ನು ವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ ಬರೆದಿಟ್ಟನು. ಜಾರ್ಜ್ ಸ್ಮಾರ್ಟ್ ಎಂಬಾತನು 1803ರಲ್ಲಿಯೇ ಕೋಲುಗಳನ್ನು ಒಂದಕ್ಕೊಂದು ಜೋಡಿಸಿ ಏರಿಸುವ ಕುಂಚವನ್ನು ನಿರ್ಮಿಸಿದ್ದನು. 1840ರ ಶಾಸನವು 21 ವರ್ಷ ತುಂಬದವರನ್ನು ಹತ್ತಿಸಕೂಡದೆಂದು ಸಾರಿದ್ದಿತು. ಆದರೂ 1875ರಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಹುಡುಗನು ಗೂಡಿನಲ್ಲಿ ಸಿಕ್ಕಿಕೊಂಡು ಸತ್ತ ಬಳಿಕವೇ, ಪೋಲೀಸರ ಪರವಾನಗಿಯನ್ನು ಕಡ್ಡಾಯಮಾಡಿದ ಶಾಸನದಿಂದ ಆ ಪದ್ಧತಿ ಅಳಿಯಿತು. ಕುಂಚ ಸಿದ್ಧವಾಗಿದ್ದ ಮೇಲೂ ಎಪ್ಪತ್ತು ವರ್ಷ ಮಕ್ಕಳನ್ನು ಹತ್ತಿಸಿದುದನ್ನು ಕ್ಷಮಿಸಲು ನನ್ನಿಂದಾಗದು.

ರಮ್‌ಫರ್ಡ್ ಪ್ರಭುವು 1796ರಲ್ಲಿ ಅಗ್ಗಿಷ್ಟಿಕೆಯ ಗಂಟಲನ್ನು ಕಿರಿದುಮಾಡಿ ಶಾಖವನ್ನು ಕೋಣೆಗೆ ತಿರುಗಿಸಿದ ಮೇಲೆ ಶಾಖದ ಮಿತವ್ಯಯವೇ ಶೋಧಕರ ಗುರಿಯಾಯಿತು. ಆದರೆ ಆ ಮಿತವ್ಯಯದಲ್ಲಿಯೇ ಹೊಸ ಅಪಾಯವೊಂದು ಅಡಗಿದ್ದಿತು. 1973ರ ತೈಲಸಂಕಟದ ತರುವಾಯ ಅಮೆರಿಕದ ಮನೆಮನೆಗೂ ಮರಳಿದ ಕಬ್ಬಿಣದ ಸೌದೆಯೊಲೆಗಳನ್ನು ಗಾಳಿ ತಡೆದು ರಾತ್ರಿಯಿಡೀ ಮಂದವಾಗಿ ಉರಿಸಿದಾಗ, ಗೂಡಿನಲ್ಲಿ ಸುಮಾರು 120 ಡಿಗ್ರಿ ಸೆಲ್ಸಿಯಸ್ಸಿಗಿಂತ ತಣ್ಣಗಾದ ಹೊಗೆಯು ಕ್ರಿಯೊಸೋಟ್ ಎಂಬ ಟಾರಿನಂತಹ ಅಂಟಾಗಿ ಸಂಚಯಿಸಿತು. ಅದು ಹೊತ್ತಿಕೊಂಡರೆ ಉಷ್ಣತೆ 1,000 ಡಿಗ್ರಿಯನ್ನು ಮೀರಬಹುದು. ರೈಲು ಹಾದುಹೋಗುವಂತಹ ಮೊರೆತ ಕೇಳಿಸುತ್ತದೆ. ಒಳಗಿನ ಮಣ್ಣಿನ ಕೊಳವೆ ಬಿರಿದು, ಗೋಡೆಯಾಚೆಯ ಮರಕ್ಕೆ ಶಾಖ ತಗಲುತ್ತದೆ.

ಆದುದರಿಂದ ತೇವಾಂಶ 20 ಪ್ರತಿಶತಕ್ಕಿಂತ ಕಡಮೆಯಿರುವಂತೆ ಒಣಗಿಸಿದ ಸೌದೆ, ಚುರುಕಾದ ಉರಿ, ವರ್ಷಕ್ಕೊಮ್ಮೆ ತಪಾಸಣೆ, ಬೂದಿಗೆ ಮುಚ್ಚಳವಿರುವ ಲೋಹದ ಬಕೆಟ್ಟು, ಇವು ಇಂದು ಅಲ್ಲಿಯ ವಾಡಿಕೆ. ಅಮೆರಿಕದ ಹಳೆಯ ಮನೆಯನ್ನು ಕೊಂಡ ನಮ್ಮವರೂ ಚಳಿಗಾಲಕ್ಕೆ ಮೊದಲು, ಆರಿ ತಣ್ಣಗಾದ ಅಗ್ಗಿಷ್ಟಿಕೆಯೊಳಗೆ ಟಾರ್ಚು ಹಿಡಿದು ನೋಡುವುದು ಲೇಸು: ಕೆರೆದರೆ ಪುಡಿಯಾಗಿ ಉದುರುವ ಮಸಿಯಾದರೆ ಕುಂಚ ಸಾಕು, ಕಪ್ಪು ಗಾಜಿನಂತೆ ಹೊಳೆಯುತ್ತ ಜಗ್ಗದೆ ನಿಂತಿದ್ದರೆ, ಬಲ್ಲ ಕಸುಬಿನವರು ಬಂದು ತೆಗೆಯುವ ತನಕ ಬೆಂಕಿ ಹಾಕಬಾರದು.