ಮಗುವಿನ ಜ್ವರವೂ ಗಿರಣಿಯ ಹಾಜರಿ ಪುಸ್ತಕವೂ

ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯನ್ನು ನಾವು ದಾರಿಯ ಗುರುತಾಗಿ ಬಲ್ಲೆವೇ ಹೊರತು, ಅದರ ಹಿಂದೆ ಒಂದು ಕಾಯ್ದೆಯ ಚರಿತ್ರೆಯಿದೆ ಎಂಬುದನ್ನು ನೆನೆಯುವುದು ಅಪರೂಪ. ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ ಹುಟ್ಟಿದ್ದು 1948ರಲ್ಲಿ; 1952ರ ಫೆಬ್ರವರಿಯಲ್ಲಿ ದೆಹಲಿ, ಕಾನ್ಪುರಗಳಲ್ಲಿ ಮೊದಲು ಜಾರಿಗೆ ಬಂದಿತು. ಕಾಯಿಲೆ ಬಿದ್ದ ಕಾರ್ಮಿಕನಿಗೆ ಮದ್ದನ್ನೂ ಕೂಲಿಯ ಒಂದಂಶವನ್ನೂ ಕೊಟ್ಟಿತು. ಅದರ 73ನೆಯ ಕಲಮು ಇನ್ನೂ ಮುಂದೆ ಹೋಗಿ, ಹೀಗೆ ಭತ್ಯ ಪಡೆಯುತ್ತಿರುವವನನ್ನು ಮಾಲೀಕನು ಕೆಲಸದಿಂದ ತೆಗೆಯಕೂಡದೆಂದು ವಿಧಿಸಿತು. ಆದರೆ ಈ ರಕ್ಷಣೆ ಕಾರ್ಮಿಕನ ಸ್ವಂತ ಮೈಗೆ ಮಾತ್ರ. ಅವನ ಮಗುವಿಗೆ ಆಸ್ಪತ್ರೆಯ ಹಾಸಿಗೆ ದೊರೆಯಿತು. ಹಾಸಿಗೆಯ ಪಕ್ಕದಲ್ಲಿ ಕೂರುವ ತಾಯಿತಂದೆಯರ ಹಾಜರಿಯ ಮಾತನ್ನು ಕಾಯ್ದೆ ಎತ್ತಲಿಲ್ಲ.

ಇದು ಸಣ್ಣ ಲೋಪವೆಂದು ತೋರೀತು. ಗಿರಣಿಗಳ ಸ್ಥಾಯೀ ಆದೇಶಗಳನ್ನು ಓದಿದವರಿಗೆ ಹಾಗೆ ತೋರದು. ಮಾಗಡಿ ರಸ್ತೆಯ ಬಿನ್ನಿ ಗಿರಣಿಯನ್ನು ಹಳಬರು ಬಲ್ಲರಷ್ಟೆ. 1884ರಲ್ಲಿ ಆರಂಭವಾದ ಆ ಗಿರಣಿಯ ಜಾಗದಲ್ಲಿ ಈಗ ಬಹುಮಹಡಿ ಮನೆಗಳೆದ್ದಿವೆ. ಅದೇ ಬಿನ್ನಿ ಬಳಗದ ಮದರಾಸಿನ ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಗಿರಣಿಯಲ್ಲಿ, ಎಂಟು ದಿನ ಒಂದೇ ಸಮನೆ ಅನುಮತಿಯಿಲ್ಲದೆ ಬಾರದವನು ತಾನಾಗಿ ಕೆಲಸ ಬಿಟ್ಟವನೆಂಬ ನಿಯಮವಿತ್ತು. ರಜೆಯ ಮೇಲೆ ಹೋಗಿ ಕಾಯಿಲೆ ಬಿದ್ದೆನೆಂದು ವೈದ್ಯರ ಚೀಟಿ ತಂದವನೊಬ್ಬನೂ ಅದಕ್ಕೆ ಸಿಕ್ಕಿದನು. 1963ರಲ್ಲಿ ಸರ್ವೋಚ್ಚ ನ್ಯಾಯಾಲಯ ಗಿರಣಿಯ ಪರವಾಗಿ ತೀರ್ಪಿತ್ತಿತು: 73ನೆಯ ಕಲಮು ತಡೆಯುವುದು ಮಾಲೀಕನ ಶಿಕ್ಷೆಯನ್ನು, ಇಲ್ಲಿ ಕೆಲಸವು ನಿಯಮದಂತೆ ತಾನೇ ಕೊನೆಗೊಂಡಿದೆ. ತರ್ಕವೇನೋ ಚೊಕ್ಕಟ! ಸ್ವಂತ ರೋಗಕ್ಕೇ ಈ ಗತಿಯಾದರೆ, ಮಗುವಿನ ರೋಗವನ್ನು ಹೇಳಿಕೊಳ್ಳುವವನು ಯಾವ ಬಾಗಿಲು ತಟ್ಟಬೇಕಿತ್ತು? ಮೂವತ್ತು ವರ್ಷ ಕಳೆದು, 1993ರಲ್ಲಿ ಅದೇ ನ್ಯಾಯಾಲಯ, ವಿಚಾರಣೆಯಿಲ್ಲದೆ ಹೀಗೆ ಹೆಸರು ಹೊಡೆದುಹಾಕಕೂಡದೆಂದಿತು.

ಸರ್ಕಾರಿ ನೌಕರರ ಕಥೆ ಬೇರೆ. ಕೇಂದ್ರವು 2008ರಲ್ಲಿ ಮಹಿಳಾ ನೌಕರರಿಗೆ ಇಡೀ ಸೇವಾವಧಿಗೆ 730 ದಿನಗಳ ಶಿಶುಪಾಲನಾ ರಜೆ ಕೊಟ್ಟಿತು. ಕರ್ನಾಟಕ 2021ರಲ್ಲಿ 180 ದಿನ. ಹಿಮಾಚಲದಲ್ಲಿ ಅದೂ ಇರಲಿಲ್ಲ. ಅಲ್ಲಿನ ಕಾಲೇಜು ಅಧ್ಯಾಪಕಿಯೊಬ್ಬರ ಮಗುವಿಗೆ ಎಲುಬುಗಳು ಸುಲಭವಾಗಿ ಮುರಿಯುವ ಆಜನ್ಮ ರೋಗ. ಚಿಕಿತ್ಸೆಗೆ ಇದ್ದ ರಜೆಯೆಲ್ಲ ತೀರಿತ್ತು. 2024ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಹೆಂಗಸರು ದುಡಿಮೆಯಲ್ಲಿ ಭಾಗಿಗಳಾಗುವುದು ಯಾರೋ ಕೊಡುವ ಸೌಲಭ್ಯವಲ್ಲ, ಸಂವಿಧಾನದ ಅಗತ್ಯ ಎಂದು ಹೇಳಿ, ನಿಯಮದ ಮರುಪರಿಶೀಲನೆಗೆ ಸಮಿತಿ ರಚಿಸುವಂತೆ ಆ ರಾಜ್ಯಕ್ಕೆ ಸೂಚಿಸಿತು. ಅದೇ ವೃತ್ತಿಯವನಾದ ನಾನು ಆ ತೀರ್ಪನ್ನು ಎರಡು ಸಲ ಓದಿದೆ. ತಂದೆಯ ಮಾತು ಮಾತ್ರ ಇಂಥ ರಜೆಗಳಲ್ಲಿ ವಿರಳ. ಕೇಂದ್ರವು 2018ರಲ್ಲಿ ಒಂಟಿ ತಂದೆಯನ್ನಷ್ಟೇ ಸೇರಿಸಿಕೊಂಡಿತು.

ಫ್ರಾನ್ಸ್ ದೇಶವು 2023ರಲ್ಲಿ, ಕಠಿಣ ರೋಗದ ಮಗುವಿನ ಬಳಿಯಿರಲು ರಜೆ ಪಡೆದವರನ್ನು ಆ ಅವಧಿಯಲ್ಲಿ ಕೆಲಸದಿಂದ ತೆಗೆಯುವುದನ್ನು ಕಾನೂನಿನಿಂದಲೇ ತಡೆಯಿತು. ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಯುವ ತಾಯಿಗೆ 730 ದಿನವೂ ಇಲ್ಲ, 180ವೂ ಇಲ್ಲ. ಇಪ್ಪತ್ತು ದಿನದ ದುಡಿಮೆಗೆ ಒಂದು ದಿನದಂತೆ ಗಳಿಸಿದ ರಜೆಯಿದೆ. ಅದು ಮುಗಿದರೆ ಮೇಸ್ತ್ರಿಯ ದಯೆ.